ವಕೀಲ: ಒಂದು ಮಾತಿನ ವಂಶಾವಳಿ

ಬೀದರ ಸೀಮೆಯಲ್ಲಿ ಆಡುವ ಮಾತು ಒಂದಲ್ಲ, ನಾಲ್ಕು. ಕನ್ನಡಿಗನ ನೀರು ಮರಾಠಿಯವನಿಗೆ ಪಾಣಿ, ಉರ್ದುವಿನವನಿಗೆ ಪಾನಿ, ತೆಲುಗಿನವನಿಗೆ ನೀಳ್ಳು. ಒಬ್ಬನ ಮನೆ ಇನ್ನೊಬ್ಬನ ಘರ, ಮತ್ತೊಬ್ಬನ ಮಕಾನು, ಮಗದೊಬ್ಬನ ಇಲ್ಲು. ಅನ್ನ ನೀರುಗಳ ವಿಷಯದಲ್ಲಿ ಒಂದಾಗದ ಈ ನಾಲ್ಕು ನಾಲಗೆಗಳೂ ಹೊಲದ ಬದುವಿನ ಜಗಳ ಪಂಚರ ಕೈಮೀರಿ ಕಚೇರಿಯ ಮೆಟ್ಟಿಲೇರಿದ ಕೂಡಲೆ ಒಂದೇ ಮಾತಿಗೆ ಬಂದು ನಿಲ್ಲುತ್ತವೆ. ಆ ಮಾತು ‘ವಕೀಲ’. ತೆಲುಗಿನವನು ಕೊನೆಯಲ್ಲೊಂದು ಉಕಾರವನ್ನು ಸೇರಿಸಿ ‘ವಕೀಲು’ ಎಂದಾನು. ಉರ್ದುವಿನವನು ಗೌರವಕ್ಕೆ ‘ಸಾಹೇಬ’ನನ್ನು ಜೋಡಿಸಿಯಾನು. ಶಬ್ದವೇನೋ ಒಂದೇ.

ಬೀದರ ನಗರದ ಜಿಲ್ಲಾ ನ್ಯಾಯಾಲಯಕ್ಕೆ ಬರುವವರಾಗಲಿ, ಅಲ್ಲಿಂದ ಹೆಚ್ಚು ಕಡಿಮೆ 40 ಕಿಲೋಮೀಟರು ದೂರದ ಭಾಲ್ಕಿ, ಔರಾದಗಳ ನ್ಯಾಯಾಲಯಗಳಿಗೆ ಬರುವವರಾಗಲಿ, ದಿನಕ್ಕೆ ಹತ್ತು ಬಾರಿ ಈ ಮಾತನ್ನು ಉಚ್ಚರಿಸುತ್ತಾರೆ. ವಕೀಲರನ್ನು ಹಿಡಿಯುತ್ತಾರೆ, ವಕೀಲರನ್ನು ಇಡುತ್ತಾರೆ, ಸೋತಾಗ ವಕೀಲರನ್ನು ಬಯ್ಯುತ್ತಾರೆ, ಗೆದ್ದಾಗ ದೇವರಿಗೆ ಕಾಯಿ ಒಡೆಯುತ್ತಾರೆ. ಆದರೆ ಆ ಮಾತಿನ ಅರ್ಥವೇನು? ‘ವಾದ ಮಾಡುವವನು’ ಎಂದು ನೂರಕ್ಕೆ ತೊಂಬತ್ತು ಮಂದಿ ಉತ್ತರ ಕೊಟ್ಟಾರು. ಆ ಉತ್ತರ ಕೆಲಸವನ್ನು ಹೇಳುತ್ತದೆ, ಅರ್ಥವನ್ನು ಹೇಳುವುದಿಲ್ಲ. ಅರ್ಥವನ್ನು ತಿಳಿಯದೆ ಕೆಲಸವನ್ನು ಒಪ್ಪಿಸಿದಲ್ಲಿ ಏನಾದೀತೆಂಬುದಕ್ಕೆ ಬೀದರದ ಚರಿತ್ರೆಯೇ ಒಂದು ದೊಡ್ಡ ದೃಷ್ಟಾಂತವಾಗಿದೆ.

ಮೂಲದ ಅರ್ಥ

‘ವಕೀಲ’ ಅರಬ್ಬೀ ಶಬ್ದ. ಆ ಭಾಷೆಯಲ್ಲಿ ಶಬ್ದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಕವಲೊಡೆಯುತ್ತವೆ. ವ-ಕ-ಲ ಎಂಬ ಧಾತುವಿಗೆ ನೆಚ್ಚಿ ಒಪ್ಪಿಸುವುದು, ಇನ್ನೊಬ್ಬನಿಗೆ ವಹಿಸಿಕೊಡುವುದು ಎಂದು ಅರ್ಥ. ಹಾಗೆ ಯಾರಿಗೆ ಒಪ್ಪಿಸಲಾಗಿದೆಯೋ ಅವನೇ ವಕೀಲ. ಒಪ್ಪಿಸಿದ ಅಧಿಕಾರಕ್ಕೆ ‘ವಕಾಲತ್’ ಎಂದು ಹೆಸರು. ಅದಕ್ಕೆ ಪತ್ರ ಎಂಬ ಅರ್ಥದ ‘ನಾಮಾ’ ಎಂಬ ಪಾರಸಿ ಶಬ್ದ ಸೇರಿ ‘ವಕಾಲತ್ತುನಾಮೆ’ ಆಯಿತು. ದೇವರಲ್ಲಿ ಸಂಪೂರ್ಣವಾಗಿ ಭಾರ ಹಾಕುವುದಕ್ಕೆ ಸೂಫಿಗಳು ಹೇಳುವ ‘ತವಕ್ಕುಲ್’ ಎಂಬ ಮಾತೂ ಇದೇ ಧಾತುವಿನದು. ಇಸ್ಲಾಮಿನಲ್ಲಿ ಭಗವಂತನ ನಾಮಗಳ ಪೈಕಿ ‘ಅಲ್-ವಕೀಲ್’ ಎಂಬುದೂ ಒಂದು. ಎಲ್ಲರ ಭಾರವನ್ನೂ ಹೊತ್ತವನು ಎಂದು ಅದರ ತಾತ್ಪರ್ಯ.

ಇತರ ಹೆಸರುಗಳೊಡನೆ ಹೋಲಿಸಿದರೆ ಈ ಮಾತಿನ ವೈಶಿಷ್ಟ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಅಡ್ವೊಕೇಟ್’ ಎಂಬುದು ಲ್ಯಾಟಿನ್ ಮೂಲದ್ದು. ನೆರವಿಗಾಗಿ ಕರೆಯಲ್ಪಟ್ಟವನು ಎಂದು ಅದರ ಅರ್ಥ. ‘ಬ್ಯಾರಿಸ್ಟರ್’ ಎಂಬ ಹೆಸರು ಇಂಗ್ಲೆಂಡಿನ ಕಾನೂನು ಪಾಠಶಾಲೆಗಳಲ್ಲಿದ್ದ ಅಡ್ಡಗಟ್ಟಿನಿಂದ ಬಂದದ್ದು. ನಮ್ಮ ‘ನ್ಯಾಯವಾದಿ’ ನ್ಯಾಯಕ್ಕಾಗಿ ವಾದಿಸುವವನು. ಕರೆ, ಕಟ್ಟೆ, ವಾದ - ಈ ಮೂರರಲ್ಲಿ ಯಾವುದೂ ಕಕ್ಷಿದಾರನನ್ನು ಹೆಸರಿನೊಳಗೇ ಕಟ್ಟಿಕೊಂಡಿಲ್ಲ. ‘ವಕೀಲ’ ಎಂಬ ಮಾತಾದರೋ ಇಬ್ಬರಿಲ್ಲದೆ ಹುಟ್ಟುವುದೇ ಇಲ್ಲ. ಒಪ್ಪಿಸಿದವನೊಬ್ಬ, ಒಪ್ಪಿಸಿಕೊಂಡವನೊಬ್ಬ. ಮೊದಲನೆಯವನು ಇಲ್ಲದಿದ್ದರೆ ಎರಡನೆಯವನು ಕರಿಯ ಕೋಟಿನ ಒಬ್ಬ ಪಂಡಿತನೇ ಹೊರತು ವಕೀಲನಲ್ಲ.

ಈ ಮೂಲಾರ್ಥವು ಇಂದಿಗೂ ಜೀವಂತವಾಗಿರುವುದನ್ನು ಕಾಣಬೇಕಾದರೆ ನ್ಯಾಯಾಲಯವನ್ನು ಬಿಟ್ಟು ಮದುವೆಯ ಮನೆಗೆ ಹೋಗಬೇಕು. ಮುಸಲ್ಮಾನರ ನಿಕಾಹದಲ್ಲಿ ವಧುವಿನ ಕಡೆಯ ಹಿರಿಯನೊಬ್ಬನು ‘ವಕೀಲ’ನಾಗುತ್ತಾನೆ. ಇಬ್ಬರು ಸಾಕ್ಷಿಗಳೊಡನೆ ಒಳಮನೆಗೆ ಹೋಗಿ, ವಧುವಿನ ಒಪ್ಪಿಗೆಯನ್ನು ಕೇಳಿಕೊಂಡು ಬಂದು, ಸಭೆಯಲ್ಲಿ ಖಾಜಿಯ ಎದುರು ಅದನ್ನು ಅರುಹುತ್ತಾನೆ. ಅವನು ಕಾಯಿದೆ ಓದಿದವನಲ್ಲ, ಶುಲ್ಕ ಪಡೆಯುವವನೂ ಅಲ್ಲ. ಆಕೆ ಹೇಳಿದ್ದನ್ನು ಮಾತ್ರ ಹೇಳುವ ಅಧಿಕಾರ ಅವನದು. ಆಕೆ ಹೇಳದ್ದನ್ನು ಸೇರಿಸಿದರೆ ಅವನ ವಕಾಲತ್ತು ಅಲ್ಲಿಗೇ ಮುಗಿಯಿತು.

ಕೋಟೆಯೊಳಗಿನ ವಕೀಲ

ಬೀದರದಲ್ಲಿ ಈ ಶಬ್ದ ನ್ಯಾಯಾಲಯದ ಮೂಲಕ ಕಾಲಿಟ್ಟಿತೆಂದು ತಿಳಿಯುವುದು ಸರಿಯಲ್ಲ. ಅದು ಬಂದದ್ದು ಅರಮನೆಯ ಮೂಲಕ. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ರಾಜ್ಯದ ಎರಡನೆಯ ಸುಲ್ತಾನನಾದ ಒಂದನೆಯ ಮಹಮ್ಮದ ಷಾ ಆಡಳಿತಕ್ಕೆ ಎಂಟು ಮಂದಿ ಮಂತ್ರಿಗಳ ಏರ್ಪಾಡು ಮಾಡಿದನು. ಅವರಲ್ಲಿ ಮೊದಲನೆಯವನಿಗೆ ‘ವಕೀಲ್-ಉಸ್-ಸಲ್ತನತ್’ ಎಂದು ಹೆಸರು. ಎಂದರೆ ರಾಜ್ಯದ ವಕೀಲ, ಸುಲ್ತಾನನು ತನ್ನ ಅಧಿಕಾರವನ್ನೇ ನೆಚ್ಚಿ ಒಪ್ಪಿಸಿದ ಪ್ರಧಾನಿ. ಅಹಮದ ಷಾನ ಕಾಲದಲ್ಲಿ ರಾಜಧಾನಿ ಬೀದರಕ್ಕೆ ಬಂದಾಗ ಈ ಪದವಿಯೂ ಕೋಟೆಯೊಳಕ್ಕೆ ಬಂದಿತು.

ಆ ಪದವಿಗೆ ಕೀರ್ತಿ ತಂದವನು ಮಹಮೂದ ಗವಾನ. ಪಾರಸೀಕದ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದ ಈ ಪುರುಷನು ತನ್ನ ಬುದ್ಧಿಬಲದಿಂದ ರಾಜ್ಯದ ಅಗ್ರಸ್ಥಾನಕ್ಕೇರಿದನು. ಪ್ರಾಂತಗಳನ್ನು ಚಿಕ್ಕದಾಗಿ ವಿಂಗಡಿಸಿ ಸರದಾರರ ಹಿಡಿತವನ್ನು ತಗ್ಗಿಸಿದನು, ಭೂಮಿಯನ್ನು ಅಳೆಯಿಸಿದನು, 1472ರಲ್ಲಿ ಬೀದರದಲ್ಲಿ ಮದರಸವನ್ನು ಕಟ್ಟಿಸಿದನು. ಸಿಡಿಲು ಮದ್ದುಗಳ ಹೊಡೆತದಿಂದ ಅರ್ಧ ಕುಸಿದಿದ್ದರೂ ಆ ಕಟ್ಟಡದ ನೀಲಿ ಹೆಂಚುಗಳು ಇಂದಿಗೂ ಅವನ ಹೆಸರನ್ನು ಹೇಳುತ್ತಿವೆ.

ಅಧಿಕಾರ ಕಳೆದುಕೊಂಡ ಸರದಾರರಿಗೆ ಅವನು ಶತ್ರುವಾದನು. ಚರಿತ್ರಕಾರರು ಹೇಳುವಂತೆ, ಅವರು ಗವಾನನ ಮುದ್ರೆಯನ್ನು ಕಾಯುತ್ತಿದ್ದ ಗುಲಾಮನನ್ನು ಒಲಿಸಿಕೊಂಡು, ಒಂದು ಖಾಲಿ ಕಾಗದದ ಮೇಲೆ ಆ ಮುದ್ರೆಯನ್ನು ಒತ್ತಿಸಿಕೊಂಡರು. ಅನಂತರ ಅದರ ಮೇಲೆ, ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಬೇಕೆಂದು ಒರಿಸ್ಸದ ಅರಸನನ್ನು ಕರೆಯುವ ಪತ್ರವೊಂದನ್ನು ಬರೆದು ಸುಲ್ತಾನನ ಕೈಗೆ ಮುಟ್ಟಿಸಿದರು. ಸುಲ್ತಾನ ಮೂರನೆಯ ಮಹಮ್ಮದ ಷಾ ಆಗ ಆಂಧ್ರದ ಕೊಂಡಪಲ್ಲಿಯ ಬೀಡಿನಲ್ಲಿದ್ದನು, ಮದ್ಯದ ಅಮಲಿನಲ್ಲಿದ್ದನು. ಗವಾನನನ್ನು ಕರೆಸಿ ಪತ್ರವನ್ನು ತೋರಿಸಿದನು. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದು ಮುದಿ ಮಂತ್ರಿ ಹೇಳಿದನು. ಕೇಳುವ ವ್ಯವಧಾನ ಯಾರಿಗಿತ್ತು? ಕಾಗದ ತಂದವರಾರು, ಬರೆದ ಕೈ ಯಾವುದು, ಮುದ್ರೆ ಮೊದಲೋ ಬರಹ ಮೊದಲೋ ಎಂದು ಒಬ್ಬನೂ ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತರ ಆಜುಬಾಜಿನ ಆ ಮನುಷ್ಯನ ತಲೆ ಉರುಳಿತು. ಸತ್ಯ ಬೆಳಕಿಗೆ ಬಂದಾಗ ಸುಲ್ತಾನನು ಪಶ್ಚಾತ್ತಾಪದಲ್ಲಿ ಬೆಂದು, ಮರುವರ್ಷವೇ ತೀರಿಕೊಂಡನು.

ರಾಜ್ಯಕ್ಕೆಲ್ಲ ವಕೀಲನಾಗಿದ್ದವನಿಗೆ ತನ್ನ ಪರವಾಗಿ ಎರಡು ಪ್ರಶ್ನೆಗಳನ್ನು ಕೇಳುವ ಒಬ್ಬ ವಕೀಲ ದೊರೆಯಲಿಲ್ಲ! ಬೀದರದ ಹೊರವಲಯದಲ್ಲಿರುವ ಅವನ ಸರಳವಾದ ಸಮಾಧಿಯ ಮುಂದೆ ನಿಂತವರಿಗೆ ಈ ವಿಷಾದ ತಪ್ಪಿದ್ದಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಪಟ್ಟಕ್ಕೆ ಬಂದ ಎಳೆಯ ಸುಲ್ತಾನನ ಕಾಲದಲ್ಲಿ ಆಡಳಿತದ ಸೂತ್ರ ಕಾಸಿಂ ಬರೀದನ ಕೈಸೇರಿತು. ಅವನ ತರುವಾಯ ಮಗ ಅಮೀರ ಬರೀದ. ಸಿಂಹಾಸನದ ಮೇಲೆ ಸುಲ್ತಾನರು ಒಬ್ಬರಾದ ಮೇಲೊಬ್ಬರು ಗೊಂಬೆಗಳಂತೆ ಕುಳಿತರು. ಆಳಿದವರು ಅವರ ಹೆಸರಿನಲ್ಲಿ ಮುದ್ರೆ ಒತ್ತುವವರು. ಕೊನೆಗೆ ಮೂರನೆಯ ತಲೆಯವನಾದ ಅಲಿ ಬರೀದನು ‘ಷಾ’ ಎಂಬ ಬಿರುದನ್ನು ತಾನೇ ಧರಿಸಿದನು. ವಹಿಸಿಕೊಂಡವನು ಒಡೆಯನೇ ಆಗಿಬಿಟ್ಟನು.

ಹೀಗೆ ಒಂದು ಶತಮಾನದೊಳಗೆ ಬೀದರ ‘ವಕೀಲ’ ಎಂಬ ಮಾತಿನ ಎರಡು ಅಪಾಯಗಳನ್ನೂ ಕಂಡಿತು. ಓದದೆ ಒತ್ತಿದ ಮುದ್ರೆ ಒಂದು. ಒಪ್ಪಿಸಿದವನನ್ನೇ ನುಂಗುವ ಒಪ್ಪಿಸಿಕೊಂಡವನು ಇನ್ನೊಂದು.

ದರ್ಬಾರಿನಿಂದ ಕಚೇರಿಗೆ

ಬಹಮನಿಗಳ ಅನಂತರ ಈ ಶಬ್ದ ದೇಶದ ನಾನಾ ದರ್ಬಾರುಗಳಲ್ಲಿ ಅಲೆಯಿತು. ಅಕ್ಬರನ ಎಳವೆಯಲ್ಲಿ ರಾಜ್ಯಭಾರ ಮಾಡಿದ ಬೈರಾಂಖಾನನು ಮೊಗಲರ ವಕೀಲ. ಒಬ್ಬ ಅರಸನ ಪರವಾಗಿ ಇನ್ನೊಬ್ಬ ಅರಸನ ಬಳಿ ಹೋಗುವ ರಾಯಭಾರಿಗೂ ಅದೇ ಹೆಸರು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಹೊರಗೆ ಟಿಪ್ಪೂ ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಕೈಹಿಡಿದು ತಂದು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಿದವನು ಸುಲ್ತಾನನ ವಕೀಲನಾದ ಗುಲಾಂ ಅಲಿ. ಒಡೆಯನ ಮಕ್ಕಳನ್ನು ಶತ್ರುವಿನ ಕೈಯಲ್ಲಿಡುವ ಕೆಲಸಕ್ಕಿಂತ ಕಠಿಣವಾದ ವಕಾಲತ್ತು ಇದ್ದೀತೆ!

ಅದೇ ಕಾರ್ನ್‌ವಾಲಿಸನ ಕಾಲದಲ್ಲಿಯೇ ಈ ಮಾತು ನ್ಯಾಯಾಲಯಕ್ಕೆ ಸೇರಿದ್ದು ಒಂದು ಸೋಜಿಗ. ಕಂಪನಿಯ ಸರ್ಕಾರವು 1793ರಲ್ಲಿ ಬಂಗಾಳದ ದಿವಾನಿ ಅದಾಲತ್ತುಗಳಿಗೆ ಸನದು ಪಡೆದ ವಕೀಲರನ್ನು ಗೊತ್ತುಪಡಿಸಿತು. ಅವರ ಶುಲ್ಕವನ್ನೂ ನಿಗದಿ ಮಾಡಿತು. ದರ್ಬಾರಿನ ಪ್ರತಿನಿಧಿ ಅಂದಿನಿಂದ ದಾವೆಯ ಪ್ರತಿನಿಧಿಯಾದನು. 1879ರ ಕಾಯಿದೆಯಲ್ಲಿ ಅಡ್ವೊಕೇಟ್, ವಕೀಲ, ಅಟಾರ್ನಿ, ಪ್ಲೀಡರ್, ಮುಖ್ತಾರ ಎಂದು ಬೇರೆ ಬೇರೆ ವರ್ಗಗಳಿದ್ದವು. ಇಂಗ್ಲೆಂಡಿಗೆ ಹೋಗಿ ಬಂದ ಬ್ಯಾರಿಸ್ಟರನ ಮುಂದೆ ವಕೀಲನದು ಎರಡನೆಯ ಪಂಕ್ತಿ. 1961ರ ಅಡ್ವೊಕೇಟರ ಕಾಯಿದೆ ಈ ಪಂಕ್ತಿಭೇದವನ್ನು ತೊಡೆದುಹಾಕಿತು. ಹೊಸದಾಗಿ ವೃತ್ತಿಗೆ ಬರುವವರಿಗೆಲ್ಲ ಒಂದೇ ಹೆಸರು, ಒಂದೇ ದಾಖಲೆ ಪುಸ್ತಕ.

ಬೀದರ ಜಿಲ್ಲೆಯ ಮಾತು ಸ್ವಲ್ಪ ಬೇರೆ. ಅದು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಚೇರಿಗಳಲ್ಲಿ ಉರ್ದುವಿನದೇ ಪ್ರಾಬಲ್ಯ. ಕನ್ನಡದಲ್ಲಿ ಅತ್ತ ರೈತನ ಅಳಲು ಉರ್ದುವಿನ ಅರ್ಜಿಯಾಗಿ ಬರೆಯಲ್ಪಡುತ್ತಿತ್ತು. ತನ್ನ ಹೆಸರಿನಲ್ಲಿ ಏನು ಬರೆದಿದೆಯೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತಬೇಕಾದವನಿಗೆ ವಕೀಲನು ಕೇವಲ ವಾದಿಯಲ್ಲ. ಕಿವಿ, ಕಣ್ಣು, ನಾಲಗೆ ಎಲ್ಲವೂ ಅವನೇ. ಮೇಲ್ಮನವಿಗೆ ಅಂದು ಹೈದರಾಬಾದಿಗೆ ಹೋಗುತ್ತಿದ್ದವರು 1956ರ ಅನಂತರ ಬೆಂಗಳೂರಿಗೆ ಹೋಗಬೇಕಾಯಿತು. 2008ರಲ್ಲಿ ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಖಾಯಂ ಆದ ಮೇಲೆ ಆ ದೂರದ ಪ್ರಯಾಣ ತಪ್ಪಿತು. ಊರು ಬದಲಾಯಿತು, ಭಾಷೆ ಬದಲಾಯಿತು, ಕಾಯಿದೆ ಬದಲಾಯಿತು. ‘ವಕೀಲ’ ಮಾತ್ರ ಹಾಗೆಯೇ ಉಳಿದನು.

ಕಾನೂನಿನ ಪುಸ್ತಕಗಳೇ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಬಂಧಿತನಾದವನು ತನಗೆ ಬೇಕಾದ ‘ಕಾನೂನು ವೃತ್ತಿಗಾರ’ನಿಂದ ರಕ್ಷಣೆ ಪಡೆಯಬಹುದೆಂದು ಸಂವಿಧಾನದ 22ನೆಯ ಅನುಚ್ಛೇದ ಹೇಳುತ್ತದೆ. 1973ರ ದಂಡಪ್ರಕ್ರಿಯಾ ಸಂಹಿತೆ ಅವನನ್ನೇ ‘ಪ್ಲೀಡರ್’ ಎಂದಿತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ‘ಅಡ್ವೊಕೇಟ್’ ಎನ್ನುತ್ತದೆ. ಈ ಮೂವರೂ ಭಾಲ್ಕಿಯ ಸಂತೆಗೆ ಬಂದರೆ ಒಬ್ಬನೇ: ವಕೀಲ್ ಸಾಹೇಬ!

ಕನ್ನಡದ ಬಳಕೆ

ಕನ್ನಡವು ಈ ಶಬ್ದವನ್ನು ಅತಿಥಿಯಾಗಿ ಕೂರಿಸಲಿಲ್ಲ, ಮನೆಯ ಮಗನಾಗಿ ಸಾಕಿತು. ವಕೀಲ, ವಕೀಲರು, ವಕೀಲಿ, ವಕೀಲಿಕೆ ಎಂದು ತನ್ನ ಪ್ರತ್ಯಯಗಳನ್ನು ತೊಡಿಸಿತು. ‘ವಕೀಲರು ಬಂದರು’ ಎಂಬ ಗೌರವದ ಬಹುವಚನದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಸ್ತ್ರೀಯರು ಈ ವೃತ್ತಿಗೆ ಬರುವುದಕ್ಕಿದ್ದ ಅಡ್ಡಿಯನ್ನು ತೆಗೆಯಲು ಬ್ರಿಟಿಷ್ ಭಾರತದಲ್ಲಿ 1923ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಕನ್ನಡದ ವ್ಯಾಕರಣಕ್ಕೆ ಅಂಥ ತಿದ್ದುಪಡಿ ಬೇಕಾಗಲಿಲ್ಲ.

ನ್ಯಾಯಾಲಯದ ಹೊರಗೂ ಮಾತು ಹಬ್ಬಿದೆ. ತಾಯಿಯೊಡನೆ ಅಣ್ಣನ ಪರವಾಗಿ ಮಾತಾಡುವ ತಂಗಿಗೆ, ‘ಅವನ ವಕಾಲತ್ತು ನೀನೇಕೆ ವಹಿಸುತ್ತೀ?’ ಎಂದು ಗದರಿಕೆ ಬೀಳುತ್ತದೆ. ಸುಮ್ಮನೆ ತರ್ಕ ಮಾಡುವವನಿಗೆ ‘ವಕೀಲಿ ಮಾಡಬೇಡ’ ಎನ್ನುತ್ತಾರೆ. ಈ ಎರಡು ಬಳಕೆಗಳಲ್ಲಿ ಸೂಕ್ಷ್ಮವಾದ ಅಂತರವಿದೆ. ಮೊದಲನೆಯದು ಮೂಲಾರ್ಥಕ್ಕೆ ಹತ್ತಿರ: ಮತ್ತೊಬ್ಬನ ಭಾರವನ್ನು ಹೊರುವುದು. ಎರಡನೆಯದು ಮೂಲಾರ್ಥವನ್ನು ಮರೆತದ್ದು: ಬರಿಯ ಮಾತಿನ ಚಮತ್ಕಾರ. ವೃತ್ತಿಯ ಮರ್ಯಾದೆ ಏರುವುದೂ ಇಳಿಯುವುದೂ ಈ ಎರಡು ಅರ್ಥಗಳ ನಡುವೆಯೇ.

‘ಮುಖ್ತಾರ’ನನ್ನೂ ವಕೀಲನನ್ನೂ ಒಂದೇ ಎಂದು ಭಾವಿಸುವವರುಂಟು. ವ್ಯವಹಾರ ನಡೆಸಲು ಕೊಡುವ ಅಧಿಕಾರಪತ್ರ ಮುಖ್ತಾರನಾಮೆ. ಅದನ್ನು ನಂಬಿಕೆಯ ನೆಂಟನಿಗೂ ಕೊಡಬಹುದು. ನ್ಯಾಯಾಲಯದಲ್ಲಿ ನಡೆಯಿಸಲು ಕೊಡುವುದು ವಕಾಲತ್ತುನಾಮೆ. ಮುಖ್ತಾರನಾಮೆಯೊಂದನ್ನೇ ಹಿಡಿದು ಹೊಲ ಕೊಂಡೆವೆಂದು ತಿಳಿಯುವುದಂತೂ ದೊಡ್ಡ ಭ್ರಾಂತಿ. ಅಂಥ ಪತ್ರದಿಂದ ಸ್ವಾಮ್ಯ ಬದಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹೆಬ್ಬೆಟ್ಟಿನ ಬೆಲೆ

ಇನ್ನು ವಕಾಲತ್ತುನಾಮೆ. ಔರಾದದ ಕಡೆಯಿಂದ ಬಂದ ರೈತನು ಮರದ ನೆರಳಿನಲ್ಲಿ ಕುಳಿತು, ಗುಮಾಸ್ತನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡುತ್ತಾನೆ. ಒಂದು ಹಾಳೆ, ಒಂದು ಸ್ಟಾಂಪು, ಒಂದು ಕ್ಷಣ. ಆ ಒಂದು ಕ್ಷಣದಲ್ಲಿ ಏನೇನು ಕೈದಾಟಿತು? ಸಾಮಾನ್ಯವಾದ ಅಚ್ಚಿನ ವಕಾಲತ್ತುನಾಮೆಯಲ್ಲಿ ಹಾಜರಾಗುವುದು, ಅರ್ಜಿ ಕೊಡುವುದು, ಕಾಗದಪತ್ರ ಪಡೆಯುವುದು ಮಾತ್ರವಲ್ಲ. ರಾಜಿ ಮಾಡಿಕೊಳ್ಳುವುದು, ದಾವೆಯನ್ನು ಹಿಂತೆಗೆದುಕೊಳ್ಳುವುದು, ನ್ಯಾಯಾಲಯದಿಂದ ಹಣ ಪಡೆಯುವುದು - ಇವುಗಳ ಅಧಿಕಾರವೂ ಬರೆದಿರುವುದುಂಟು. ಗವಾನನ ಮುದ್ರೆಯಂತೆ ಹೆಬ್ಬೆಟ್ಟು ಮೊದಲು ಬಿದ್ದು, ಬರಹ ಆಮೇಲೆ ತುಂಬುವುದಾದರೆ, ‘ಗುರುತು ನನ್ನದು, ಬರಹ ನನ್ನದಲ್ಲ’ ಎಂದು ಹೇಳುವ ಕಾಲ ಬಂದರೂ ಬಂದೀತು.

ಕಾನೂನು ಈ ಅಪಾಯವನ್ನು ಅರಿಯದೆ ಇಲ್ಲ. 1908ರ ದಿವಾನಿ ಪ್ರಕ್ರಿಯಾ ಸಂಹಿತೆಯ ಪ್ರಕಾರ ನೇಮಕವು ಬರಹದಲ್ಲಿರಬೇಕು, ಸಹಿಯಾಗಿರಬೇಕು. ಒಮ್ಮೆ ದಾಖಲಾದ ವಕಾಲತ್ತು ನ್ಯಾಯಾಲಯದ ಅನುಮತಿಯಿಂದ ರದ್ದಾಗುವವರೆಗೆ, ಅಥವಾ ಇಬ್ಬರಲ್ಲೊಬ್ಬರು ಸಾಯುವವರೆಗೆ, ಅಥವಾ ವ್ಯವಹಾರ ಮುಗಿಯುವವರೆಗೆ ನಿಲ್ಲುತ್ತದೆ. ಅನುಮತಿ ಬೇಡುವ ಹಕ್ಕು ವಕೀಲನಿಗೆಷ್ಟೋ ಕಕ್ಷಿದಾರನಿಗೂ ಅಷ್ಟೇ. ಕಕ್ಷಿದಾರನ ಹಕ್ಕನ್ನು ಮುಟ್ಟುವ ರಾಜಿಯನ್ನಾಗಲಿ ರಿಯಾಯಿತಿಯನ್ನಾಗಲಿ ಅವನ ಸ್ಪಷ್ಟ ಅಪ್ಪಣೆಯಿಲ್ಲದೆ ವಕೀಲನು ಮಾಡತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರನ ಕಾಗದಗಳನ್ನು ಒತ್ತೆಯಿಟ್ಟುಕೊಳ್ಳುವಂತಿಲ್ಲವೆಂದು 2000ದಲ್ಲಿಯೇ ತೀರ್ಪಾಗಿದೆ.

ಬರೀದರ ಮಾರ್ಗಕ್ಕೂ ಬೇಲಿಯಿದೆ. ಗೆದ್ದ ಆಸ್ತಿಯಲ್ಲಿ ಇಂತಿಷ್ಟು ಪಾಲು ಎಂದು ವಕೀಲನು ಕರಾರು ಮಾಡಿಕೊಳ್ಳಬಾರದು. ತಾನು ನಡೆಸಿದ ಮೊಕದ್ದಮೆಯ ಅಮಲ್ಜಾರಿಯಲ್ಲಿ ಹರಾಜಿಗೆ ಬಂದ ಸ್ವತ್ತನ್ನು ತಾನು ಕೊಳ್ಳಬಾರದು. ಇವು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು. ಕಕ್ಷಿದಾರನು ನಂಬಿ ಹೇಳಿದ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂಬ ಕಟ್ಟಳೆ 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. ಅದರ ಬದಲಿಗೆ ಬಂದ 2023ರ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. 2024ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬಾರದೆಂದು ತೀರ್ಮಾನಿಸುವಾಗ ಕೊಟ್ಟ ಕಾರಣಗಳಲ್ಲೊಂದು ಗಮನಾರ್ಹವಾದುದು: ವಕೀಲನು ಕೆಲಸ ನಡೆಸುವ ರೀತಿಯ ಮೇಲೆ ಕಕ್ಷಿದಾರನ ನೇರ ಹತೋಟಿಯಿರುತ್ತದೆ ಎಂಬುದು. ಅರಬ್ಬೀ ಧಾತು ಸಾವಿರ ವರ್ಷಗಳ ಹಿಂದೆ ಹೇಳಿದ್ದೂ ಇದನ್ನೇ.

ಹತೋಟಿಯಿದೆಯೆಂದು ಗೊತ್ತಿದ್ದವನಿಗೆ ಮಾತ್ರ ಹತೋಟಿ. ಆದುದರಿಂದ ಸಹಿ ಹಾಕುವ ಮೊದಲು ಓದಿಸಿಕೊಳ್ಳುವುದು, ತನಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಳ್ಳುವುದು, ರಾಜಿಯ ಅಧಿಕಾರ ಕೊಡಲು ಮನಸ್ಸಿಲ್ಲದಿದ್ದರೆ ಆ ಸಾಲನ್ನು ಹೊಡೆದುಹಾಕಿಸುವುದು, ಒಂದು ನಕಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದು - ಇವು ವಕೀಲನ ಮೇಲಣ ಅಪನಂಬಿಕೆಯ ಲಕ್ಷಣಗಳಲ್ಲ. ನಂಬಿಕೆ ಏನನ್ನು ಹೊತ್ತಿದೆಯೆಂದು ತಿಳಿದುಕೊಳ್ಳುವ ವಿವೇಕ. ಪ್ರಾಮಾಣಿಕನಾದ ವಕೀಲನು ಇದರಿಂದ ಮುನಿಯುವುದಿಲ್ಲ. ಅವನ ಹೊರೆ ಹಗುರವೇ ಆಗುತ್ತದೆ.

ವಕೀಲನನ್ನಿಡಲು ಹಣವಿಲ್ಲದವನು ಗವಾನನಂತೆ ಒಂಟಿಯಾಗಿ ನಿಲ್ಲಬೇಕಾಗಿಲ್ಲವೆಂಬುದು ನಮ್ಮ ಕಾಲದ ಪುಣ್ಯ. 1987ರಲ್ಲಿ ಅಂಗೀಕೃತವಾಗಿ 1995ರ ನವೆಂಬರ್ 9ರಿಂದ ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಹಾಗೂ ಗೊತ್ತಾದ ಮಿತಿಗಿಂತ ಕಡಿಮೆ ಆದಾಯವುಳ್ಳವರು ವೆಚ್ಚವಿಲ್ಲದೆ ವಕೀಲರನ್ನು ಪಡೆಯಬಹುದು. ಜಿಲ್ಲಾ ಕೇಂದ್ರದಲ್ಲಿ ಪ್ರಾಧಿಕಾರವಿದೆ, ತಾಲ್ಲೂಕಿನಲ್ಲಿ ಸಮಿತಿಯಿದೆ. ಕೇಳಬೇಕಾದವರು ಬಾಯಿ ತೆರೆದು ಕೇಳಬೇಕು, ಅಷ್ಟೆ.

ಒಂದು ಕಾಲಕ್ಕೆ ಬೀದರದ ಕೋಟೆಯಲ್ಲಿ ವಕೀಲನನ್ನು ನೇಮಿಸುವ ಅಧಿಕಾರ ಸುಲ್ತಾನನೊಬ್ಬನಿಗೆ ಇತ್ತು. ಇಂದು ಅದೇ ಅಧಿಕಾರ ಎರಡೆಕರೆ ತೊಗರಿಯ ಹೊಲದ ಒಡೆಯನಿಗೂ, ಜೀವನಾಂಶಕ್ಕಾಗಿ ಬಂದ ಹೆಂಗಸಿಗೂ ಇದೆ. ವಕಾಲತ್ತುನಾಮೆಗೆ ರುಜು ಹಾಕುವ ಗಳಿಗೆಯಲ್ಲಿ ಸುಲ್ತಾನನ ಸ್ಥಾನದಲ್ಲಿರುವವರು ಅವರೇ. ಮುದ್ರೆ ಅವರ ಕೈಯಲ್ಲಿದೆ. ಒತ್ತುವ ಮೊದಲು ಕಾಗದವನ್ನು ನೋಡಲಿ.